ಮೂವತ್ನಾಲ್ಕು ಮಾರ್ಕಿನ ಕುಸ್ತಿ

ಭಾನುವಾರ ಬೆಳಿಗ್ಗೆ ಹತ್ತೂವರೆಗೆಲ್ಲ ಸಿದ್ದಬಸಪ್ಪ ಸ್ನಾನ, ಪೂಜೆ ಮುಗಿಸಿ, ಇಸ್ತ್ರಿಯ ಜುಬ್ಬ ತೊಟ್ಟು, ತನ್ನ ಮನೆಯ ಹಜಾರದಲ್ಲೇ ಹೆಣ್ಣು ನೋಡಲು ಬಂದವನ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದ. ಹೆಂಡತಿ ಗಿರಿಜಾಂಬಾ ಅಡುಗೆಮನೆಯಿಂದ ಮೂರನೇ ಸಲ ಬಂದು ಅದೇ ಮಾತು ಹೇಳಿದಳು.

"ರೀ, ಮೇಷ್ಟ್ರು ಏನೇ ಅಂದ್ರೂ ಇವತ್ತು ನೀವು ಹೌದು ಅನ್ಬೇಕು."

"ಏನೇ ಅಂದ್ರೂ ಅಂದ್ರೆ?"

"ಏನೇ ಅಂದ್ರೂ. ತಡಿಯೋಕಾಗ್ಲಿಲ್ಲ ಅಂದ್ರೆ ಬಾಯಿಗೆ ಒಂದು ಕೋಡುಬಳೆ ಹಾಕ್ಕೊಳ್ಳಿ. ಒಂದು ಡಬ್ಬಿ ತುಂಬಾ ಮಾಡಿಟ್ಟಿದೀನಿ."

ಡಬ್ಬಿಯನ್ನು ತಂದು ಅವನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕುಕ್ಕಿ ಹೋದಳು.

ಸಿದ್ದಬಸಪ್ಪನಿಗೆ ತರಗುಪೇಟೆಯಲ್ಲಿ ಹಗ್ಗ, ಗೋಣಿಚೀಲದ ಅಂಗಡಿ, ಮನೆ ಚಾಮರಾಜಪೇಟೆಯಲ್ಲಿ. ಮಾಗಡಿ ಕಡೆಯ ಹಳ್ಳಿಯಿಂದ ಹದಿನೇಳನೇ ವಯಸ್ಸಿಗೆ ಬಂದವನು, ಮೂವತ್ತರ ತನಕ ಗರಡಿಯಲ್ಲಿ ಮಣ್ಣು ಬಳಿದುಕೊಂಡವನು. ಈಗ ನಲವತ್ತೆಂಟು. ಮೈ ಇಳಿದಿತ್ತು, ಸಿಟ್ಟು ಇಳಿದಿರಲಿಲ್ಲ. ಬೀದಿಯಲ್ಲಿ ನೀರು ನಿಂತರೆ, ಹಾಲು ತೆಳ್ಳಗಾದರೆ, ಟಿ.ವಿ.ಯಲ್ಲಿ ಗೆರೆ ಬಂದರೆ ಮೊದಲು ಕೇಳುವುದು ಅವನ ದನಿಯೇ. ಕೇಬಲ್ ಮಾಯಣ್ಣನಂತೂ ಆ ದನಿಗೆ ಹೆದರಿ ಫೋನನ್ನು ಅಕ್ಕ ಮಾರಕ್ಕನ ಕೈಗೆ ಕೊಟ್ಟುಬಿಡುತ್ತಿದ್ದ.

ಮೇಷ್ಟ್ರು ಎಂದರೆ ಬದರೀನಾರಾಯಣ. ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಲೆಕ್ಕ ಹೇಳುವವರು. ಮನೆ ಎರಡು ಬೀದಿ ಆಚೆ. ಕೇಬಲ್ ಬಂದ ವರ್ಷ ಮೊದಲ ಸಲ ಅಮೆರಿಕದ ಕುಸ್ತಿ ನೋಡಿದಾಗ ಇಬ್ಬರಿಗೂ ಒಟ್ಟಿಗೇ ಹುಚ್ಚು ಹಿಡಿಯಿತು. ಅಲ್ಲಿಂದ ನಾಲ್ಕು ವರ್ಷ, ಪ್ರತಿ ಭಾನುವಾರ, ಸಿದ್ದಬಸಪ್ಪನ ಹಜಾರದಲ್ಲಿ ಇಬ್ಬರೂ ಪಕ್ಕಪಕ್ಕ. ಯಾರು ಗೆಲ್ಲಬೇಕೆನ್ನುವುದು ಮೊದಲೇ ಮಾತಾಗಿರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾಟಕದ ಕೊನೆಗೆ ಯಾರು ಸಾಯುತ್ತಾರೆಂದು ಗೊತ್ತಿದ್ದೇ ಜನ ಟಿಕೆಟ್ ಕೊಂಡು ಹೋಗುತ್ತಾರಲ್ಲ, ಹೇಗೆ ಸತ್ತ ಅನ್ನುವುದು ಮುಖ್ಯ ಎನ್ನುತ್ತಿದ್ದ ಸಿದ್ದಬಸಪ್ಪ. ಆ ಪೈಲ್ವಾನರ ಇಂಗ್ಲಿಷ್ ಹೆಸರು ಇಬ್ಬರ ನಾಲಿಗೆಗೂ ಹತ್ತದೆ, ಬೆನ್ನ ತನಕ ಕೂದಲು ಬಿಟ್ಟವನನ್ನು ಜಡೆ ಎಂದೂ ಸುತ್ತಿಗೆಯಂಥ ಕೈಯವನನ್ನು ಕಮ್ಮಾರ ಎಂದೂ ಕರೆದುಕೊಂಡಿದ್ದರು.

ಮೇಷ್ಟ್ರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಪರೀಕ್ಷೆಯಲ್ಲಿ ಉಳಿದ ಖಾಲಿ ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿಕೊಂಡಿದ್ದರು. ಪ್ರತಿ ಕುಸ್ತಿಗೂ ಕೆಂಪು ಇಂಕಿನಲ್ಲಿ ನೂರಕ್ಕೆ ಇಷ್ಟು ಎಂದು ಮಾರ್ಕು. ಪಟ್ಟುಗಳಿಗೆ ನಲವತ್ತು, ಓಟಕ್ಕೆ, ಅಂದರೆ ಆಟ ಎಳೆಯದೆ ಸಾಗಿತೇ ಅನ್ನುವುದಕ್ಕೆ, ಮೂವತ್ತು, ಮುಗಿತಾಯಕ್ಕೆ ಇಪ್ಪತ್ತು, ಶಿಸ್ತಿಗೆ ಹತ್ತು. ಸಿದ್ದಬಸಪ್ಪ ಪ್ರತಿ ಮಾರ್ಕಿಗೂ ಜಗಳ ಆಡುತ್ತಿದ್ದ. ವಾರವೆಲ್ಲ ಗೋಣಿಚೀಲದ ಧೂಳು ಕುಡಿದವನಿಗೆ ಆ ಜಗಳವೇ ಶುದ್ಧ ಗಾಳಿ.

ಹೋದ ವರ್ಷ, ತೊಂಬತ್ತಾರರಲ್ಲಿ, ಅಮೆರಿಕದ ಆ ಕುಸ್ತಿ ಕಂಪನಿಯವರು ವರ್ಷಕ್ಕೊಮ್ಮೆ ನಡೆಸುವ ದೊಡ್ಡ ಆಟದಲ್ಲಿ ಜಡೆ ಮತ್ತು ಕಮ್ಮಾರ ಒಂದು ಗಂಟೆ ಕಾದಾಡಿದರು. ಒಂದು ಗಂಟೆ. ಯಾರೂ ಚಿತ್ ಆಗಲಿಲ್ಲ. ಗಂಟೆ ಹೊಡೆದಾಗ ಇಬ್ಬರೂ ಹಗ್ಗಕ್ಕೆ ಒರಗಿ ನಿಂತಿದ್ದರು. ಸಿದ್ದಬಸಪ್ಪನ ಕಣ್ಣು ಒದ್ದೆಯಾಗಿತ್ತು. ನಡುವೆ ತೂಕಡಿಸಿ ಎದ್ದಿದ್ದ ಮೇಷ್ಟ್ರು ಪುಸ್ತಕ ತೆಗೆದು ಬರೆದರು: ಪಟ್ಟು ಇಪ್ಪತ್ತಾರು, ಓಟ ಸೊನ್ನೆ, ಮುಗಿತಾಯ ಸೊನ್ನೆ, ಶಿಸ್ತು ಎಂಟು. ಒಟ್ಟು ಮೂವತ್ನಾಲ್ಕು.

"ಮೂವತ್ತೈದು ಬಂದಿದ್ರೆ ಪಾಸು. ಒಂದು ಮಾರ್ಕಲ್ಲಿ ಹೋಯ್ತು," ಎಂದು ನಕ್ಕರು.

ಸಿದ್ದಬಸಪ್ಪ ನಗಲಿಲ್ಲ. ಸೀಮೆಸುಣ್ಣ ಹಿಡಿಯೋ ಕೈಗೆ ಕುಸ್ತಿ ಏನ್ರೀ ಗೊತ್ತು, ಎದ್ದು ಹೋಗ್ರಿ ನನ್ನ ಮನೆಯಿಂದ ಎಂದುಬಿಟ್ಟ. ಮೇಷ್ಟ್ರು ಪುಸ್ತಕ ಮಡಚಿ, ಛತ್ರಿ ತಗೊಂಡು, ಎದ್ದು ಹೋದರು.

ಅಷ್ಟು ಸಿಟ್ಟು ಯಾಕೆ ಬಂತೆಂದು ಗಿರಿಜಾಂಬಾಗೂ ಗೊತ್ತಿರಲಿಲ್ಲ. ಹಳ್ಳಿಯ ಶಾಲೆಯಲ್ಲಿ ಓದಿ ಎಸ್ಸೆಸ್ಸೆಲ್ಸಿಗೆ ಕೂತ ಸಿದ್ದಬಸಪ್ಪನಿಗೆ ಲೆಕ್ಕದಲ್ಲಿ ಬಂದದ್ದು ಮೂವತ್ನಾಲ್ಕು. ಆ ಒಂದು ಮಾರ್ಕಿಗೆ ಅಪ್ಪ ಅವನನ್ನು ಬೆಂಗಳೂರಿನ ಬಸ್ಸು ಹತ್ತಿಸಿ ಹಗ್ಗದ ಅಂಗಡಿಗೆ ಕಳಿಸಿದ. ಈ ಮಾತನ್ನು ಅವನು ಚಾಮರಾಜಪೇಟೆಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಪಾಸಾಗಿದ್ದೆ, ಮುಂದೆ ಓದಲಿಲ್ಲ ಅಷ್ಟೇ ಅನ್ನುವುದು ಅವನ ಕಥೆ.

ಆಮೇಲೆ ಹನ್ನೊಂದು ತಿಂಗಳು ಅವನು ಒಬ್ಬನೇ ಕೂತು ನೋಡಿದ. ಒಳ್ಳೇ ಪಟ್ಟು ಬಿದ್ದಾಗ ಪಕ್ಕಕ್ಕೆ ತಿರುಗುವುದು, ಅಲ್ಲಿ ಖಾಲಿ ಕುರ್ಚಿ. ಹಾಲಿನ ಬೂತಿಗೆ ಆರು ಗಂಟೆಗೆ ಬರುತ್ತಿದ್ದ ಮೇಷ್ಟ್ರು ಆರೂವರೆಗೆ ಬರತೊಡಗಿದರು. ಕೊನೆಗೆ ಸಿದ್ದಬಸಪ್ಪನ ಸೋದರಮಾವ ಮಲ್ಲಿಕಾರ್ಜುನಯ್ಯ ಮಧ್ಯೆ ಬಂದರು. ಒಂದು ಕಾಲದಲ್ಲಿ ಗರಡಿಯ ಉಸ್ತಾದ್. ಕುಸ್ತಿಗೆ ಯಾರ ಎದುರು ಯಾರೆಂದು ಜೋಡಿ ಕಟ್ಟುವುದರಲ್ಲಿ ಅವರ ಮಾತೇ ಕೊನೆ. ಎಪ್ಪತ್ತಾರನೇ ವಯಸ್ಸಿನಲ್ಲಿ ಈ ಜೋಡಿಯನ್ನೂ ಕಟ್ಟಲು ಹೊರಟಿದ್ದರು. "ಈ ಸಲದ ದೊಡ್ಡ ಆಟಕ್ಕೆ ಕರ್ಕೊಂಡು ಬರ್ತೀನಿ. ಅವತ್ತೂ ಕೆಡಿಸ್ಕೊಂಡ್ರೆ ಮುಗೀತು ಸಿದ್ದ, ಇನ್ನೊಂದ್ಸಲ ಕೇಳೋಕೆ ನಂಗೆ ಮುಖ ಇರಲ್ಲ," ಎಂದಿದ್ದರು.

ಹತ್ತು ಮುಕ್ಕಾಲಿಗೆ ಗೇಟಿನ ಸದ್ದಾಯಿತು. ಮುಂದೆ ಮಲ್ಲಿಕಾರ್ಜುನಯ್ಯ, ಹಿಂದೆ ಛತ್ರಿ ಹಿಡಿದ ಮೇಷ್ಟ್ರು.

"ಬನ್ನಿ ಮೇಷ್ಟ್ರೇ."

"ಬಂದೆ ಸಿದ್ದಬಸಪ್ನೋರೇ. ಚೆನ್ನಾಗಿದೀರಾ?"

"ಚೆನ್ನಾಗಿದೀನಿ. ನೀವು?"

"ಚೆನ್ನಾಗಿದೀನಿ."

ಮೇಷ್ಟ್ರು ಹಳೇ ಕುರ್ಚಿಯಲ್ಲೇ ಕೂತರು. ಸಿದ್ದಬಸಪ್ಪ ಮೊದಲು ನೋಡಿದ್ದು ಅವರ ಕೈ. ಪುಸ್ತಕ ಇರಲಿಲ್ಲ. ಅವರನ್ನೂ ಮನೆಯಲ್ಲಿ ಆಣೆ ಹಾಕಿಸಿಯೇ ಕಳಿಸಿರಬೇಕು.

ದೊಡ್ಡ ಆಟ ಟಿ.ವಿ.ಯಲ್ಲಿ ನೇರವಾಗಿ ಬರುತ್ತಿರಲಿಲ್ಲ. ಗಾಂಧಿನಗರದ ಒಬ್ಬ ಕ್ಯಾಸೆಟ್ ವ್ಯಾಪಾರಿಯಿಂದ ಮಾಯಣ್ಣ ತಂದು, ತನ್ನ ಕೇಬಲ್ಲಿನ ಸ್ವಂತ ಚಾನೆಲ್ಲಿನಲ್ಲಿ ಹಾಕುತ್ತಿದ್ದ. ಮೂರು ಗಂಟೆಗೂ ಮಿಕ್ಕಿದ ಆಟ, ಎರಡು ಕ್ಯಾಸೆಟ್ಟು. ಹನ್ನೊಂದಕ್ಕೆ ಶುರು. ಸರಿಯಾಗಿ ಹನ್ನೊಂದಕ್ಕೆ ಕರೆಂಟ್ ಹೋಯಿತು. ಸಿದ್ದಬಸಪ್ಪ ಬಾಯಿ ತೆಗೆದವನು ಮೊದಲನೇ ಕೋಡುಬಳೆ ತಿಂದ. ಕಾಲು ಗಂಟೆ ಬಿಟ್ಟು ಕರೆಂಟ್ ಬಂದಾಗ ಒಬ್ಬ ದಪ್ಪನೆಯವನು ಒಬ್ಬ ಮುಖವಾಡದವನನ್ನು ಮೂಲೆಗೆ ಒತ್ತಿ ನಿಂತಿದ್ದ.

"ಚೆನ್ನಾಗಿದೆ ಅಲ್ವಾ ಮೇಷ್ಟ್ರೇ?"

"ಚೆನ್ನಾಗಿದೆ, ಚೆನ್ನಾಗಿದೆ."

ಚೆನ್ನಾಗಿರಲಿಲ್ಲ. ದಪ್ಪನೆಯವನು ಎರಡು ಹೆಜ್ಜೆ ಇಟ್ಟರೆ ಮೂರು ನಿಮಿಷ ಏದುಸಿರು ಬಿಡುತ್ತಿದ್ದ. ಹಳೇ ದಿನವಾಗಿದ್ದರೆ ಮೇಷ್ಟ್ರು "ಇವನಿಗೊಂದು ಕುರ್ಚಿ ಹಾಕ್ರಪ್ಪ" ಅನ್ನುತ್ತಿದ್ದರು, ಸಿದ್ದಬಸಪ್ಪ "ಮೈಭಾರ ಹಾಕೋದೂ ಒಂದು ಪಟ್ಟೇ ಕಣ್ರೀ" ಎಂದು ಎದ್ದು ನಿಲ್ಲುತ್ತಿದ್ದ. ಇಬ್ಬರೂ ಕೈ ಕಟ್ಟಿಕೊಂಡು ನೋಡಿದರು, ಸಾವಿನ ಮನೆಗೆ ಹೋದವರ ಹಾಗೆ.

ಆಮೇಲೆ ಟಿ.ವಿ.ಯ ಅಖಾಡದಲ್ಲಿ ಒಮ್ಮೆಲೇ ದೀಪಗಳು ಆರಿ, ಚಾಂಪಿಯನ್ನನ ಬೆಲ್ಟು ಕಟ್ಟಿಕೊಂಡ ಜಡೆ ಬಂದ. ಎದುರಿಗೆ ಕಮ್ಮಾರ. ಸಿದ್ದಬಸಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಅದು ಕುಸ್ತಿ. ಜಡೆ ಮೊದಲ ಐದು ನಿಮಿಷದಲ್ಲಿ ಕಮ್ಮಾರನ ಎಡ ಮಂಡಿಯನ್ನು ಒಂದು ಸಲ ಒದ್ದ, ಒಂದೇ ಸಲ. ಅಲ್ಲಿಂದ ಮೂವತ್ತು ನಿಮಿಷ ಆ ಮಂಡಿಯದೇ ಕಥೆ. ಕಮ್ಮಾರ ಎತ್ತಲು ಹೋದಾಗಲೆಲ್ಲ ಮಂಡಿ ಕುಸಿಯುವುದು, ಜನ ಅಯ್ಯೋ ಅನ್ನುವುದು. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಕೊನೆಗೆ ಒಂಟಿ ಕಾಲಿನ ಮೇಲೆ ನಿಂತು ಜಡೆಯನ್ನು ಎತ್ತಿ ನೆಲಕ್ಕೆ ಹಾಕಿದ. ಬೆಲ್ಟು ಕಮ್ಮಾರನಿಗೆ. ಸುಡುಮದ್ದು, ಚೂರು ಕಾಗದದ ಮಳೆ.

"ನೋಡಿದ್ರಾ ಮೇಷ್ಟ್ರೇ ಆ ಮಂಡಿ? ಮೊದಲು ಬಿತ್ತಿ, ಕೊನೇಲಿ ಕುಯ್ದ."

"ನೋಡಿದೆ. ಅದ್ಭುತ. ಮಧ್ಯೆ ಒಂದು ಸ್ವಲ್ಪ..." ಮೇಷ್ಟ್ರು ನಿಲ್ಲಿಸಿದರು.

"ಸ್ವಲ್ಪ ಏನು?"

"ಏನಿಲ್ಲ. ಚೆನ್ನಾಗಿದೆ."

ಸಿದ್ದಬಸಪ್ಪ ಎರಡು ಕೋಡುಬಳೆ ಒಟ್ಟಿಗೆ ಮುರಿದ.

ಕ್ಯಾಸೆಟ್ಟು ಮುಗಿದು ಮಾಯಣ್ಣನ ಚಾನೆಲ್ಲಿನಲ್ಲಿ ಸೀರೆ ಅಂಗಡಿಯ ಜಾಹೀರಾತು ಬಂತು. ಗಿರಿಜಾಂಬಾ ಚಿತ್ರಾನ್ನ, ಮೊಸರು ಕೊಟ್ಟಳು. ಮಲ್ಲಿಕಾರ್ಜುನಯ್ಯ ತಿಂದು, ಕೈ ತೊಳೆದು, ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ನಿದ್ದೆಹೋದರು. ಸಿದ್ದಬಸಪ್ಪನಿಗೆ ಒಂದು ಅನುಮಾನ ತಲೆಯಲ್ಲಿ ಹುಳದಂತೆ ಓಡಾಡುತ್ತಿತ್ತು. ದೊಡ್ಡ ಜೋಡಿ ಮುಗಿದೇ ಹೋಯಿತು. ಇನ್ನೊಂದು ಕ್ಯಾಸೆಟ್ಟಿನಲ್ಲಿ ಇನ್ನೇನು ಉಳಿದಿದೆ?

ಎರಡನೇ ಕ್ಯಾಸೆಟ್ಟು ಶುರುವಾಯಿತು. ಮತ್ತೆ ಸುಡುಮದ್ದು. ಒಬ್ಬ ಹೆಂಗಸು ಅವರ ದೇಶದ ಹಾಡು ಹಾಡಿದಳು, ಎಲ್ಲರೂ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತರು. ಕೋಟು ಹಾಕಿದವನೊಬ್ಬ ಕೈ ಚಾಚಿ ಎಲ್ಲರನ್ನೂ ಬರಮಾಡಿಕೊಂಡ. ಆಮೇಲೆ ಹೊಸ ಹುಡುಗರಿಬ್ಬರ ಚಿಕ್ಕ ಕುಸ್ತಿ.

ಸಿದ್ದಬಸಪ್ಪನಿಗೆ ಒಂದೇ ನಿಮಿಷದಲ್ಲಿ ಅರ್ಥವಾಯಿತು. ಮಾಯಣ್ಣ ಕ್ಯಾಸೆಟ್ಟು ತಿರುಗಾಮುರುಗಾ ಹಾಕಿದ್ದಾನೆ. ಅವನ ಕೈ ಫೋನಿನ ಕಡೆ ಹೋಯಿತು. ಅಷ್ಟರಲ್ಲಿ ಮೇಷ್ಟ್ರು ಮುಂದಕ್ಕೆ ಬಾಗಿದರು. ಬೆಳಗಿನಿಂದ ಸತ್ತಂತಿದ್ದ ಕಣ್ಣಲ್ಲಿ ಬೆಳಕು ಬಂದಿತ್ತು.

"ಸಿದ್ದಬಸಪ್ನೋರೇ, ಏನು ಜೋಡಣೆ ಮಾಡಿದಾರೆ ನೋಡಿದ್ರಾ?"

"ಏನು?"

"ನೀವು ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮೋತ್ಸವದ ಕಛೇರಿ ಕೇಳಿದೀರಲ್ಲ. ವಿದ್ವಾಂಸರು ದೊಡ್ಡ ರಾಗ, ಪಲ್ಲವಿ ಎಲ್ಲ ಮಧ್ಯದಲ್ಲೇ ಹಾಡ್ಬಿಡ್ತಾರೆ. ಆಮೇಲೆ ಏನು? ಪುಟ್ಟ ಪುಟ್ಟ ದೇವರನಾಮ. ಮನಸ್ಸು ಇಳೀಬೇಕು, ಧೊಪ್ ಅಂತ ಬೀಳಬಾರ್ದು. ಇವರಿಗೆ ಈಗ ಗೊತ್ತಾಗಿದೆ ನೋಡಿ. ದೊಡ್ಡದನ್ನ ಹಾಡಿ, ಒಂದು ಹಾಡು ಹೇಳಿ, ಈಗ ಚಿಕ್ಕವು. ಹೋದ ವರ್ಷ ನಾನು ಓಟ ಇಲ್ಲ ಅಂದಿದ್ದು ಇದನ್ನೇ."

ಹನ್ನೊಂದು ತಿಂಗಳಾದ ಮೇಲೆ ಮೇಷ್ಟ್ರು ಮೊದಲ ಸಲ ಮೇಷ್ಟ್ರ ಹಾಗೆ ಮಾತಾಡಿದ್ದರು. ಈಗ ಕ್ಯಾಸೆಟ್ಟು ಉಲ್ಟಾ ಎಂದರೆ ಅವರ ಮುಖಕ್ಕೆ ಹೊಡೆದ ಹಾಗೆ. ಅಡುಗೆಮನೆಯ ಬಾಗಿಲಲ್ಲಿ ಗಿರಿಜಾಂಬಾ ಕಣ್ಣು ಬಿಟ್ಟು ನಿಂತಿದ್ದಳು.

"ಹೌದು," ಅಂದ ಸಿದ್ದಬಸಪ್ಪ. ಫೋನಿನ ಕಡೆ ಹೋದ ಕೈಯನ್ನು ಡಬ್ಬಿಯ ಕಡೆ ತಿರುಗಿಸಿದ.

ಅಲ್ಲಿಂದ ಅವನ ಯಮಯಾತನೆ ಶುರುವಾಯಿತು. ಎರಡನೇ ಕುಸ್ತಿ ಮುಗಿದಾಗ ಒಳಗಿನ ಕೋಣೆಯಲ್ಲಿ ಜಡೆಯನ್ನು ತೋರಿಸಿದರು. ಸೋತವನ ಹೆಗಲ ಮೇಲೆ ಬೆಲ್ಟು.

"ಬೆಲ್ಟು ಇವನ ಹತ್ರ ಇದೆಯಲ್ಲ ಮೇಷ್ಟ್ರೇ?" ಎಂದು ಮೆಲ್ಲಗೆ ಕೇಳಿದ.

"ವಾಪಸ್ ಕೊಡೋಕೆ ಮನಸ್ಸು ಬಂದಿಲ್ಲ, ಇಟ್ಕೊಂಡಿದಾನೆ. ಮನುಷ್ಯ ಸ್ವಭಾವ."

ಇನ್ನೊಂದು ಕೋಡುಬಳೆ. ಆಮೇಲೆ ಅವನ ಕೈ ಡಬ್ಬಿ ಬಿಟ್ಟು ಏಳಲಿಲ್ಲ.

ಮೂರನೇ ಕುಸ್ತಿಯಾದ ಮೇಲೆ ಕಮ್ಮಾರನನ್ನು ತೋರಿಸಿದರು. ಕುಂಟು ಇಲ್ಲ. ಹಣೆಯಲ್ಲಿ ಗೀರೂ ಇಲ್ಲ. ಹಲ್ಲುಜ್ಜಿ ಬಂದವನ ಹಾಗೆ ಹೊಳೆಯುತ್ತಿದ್ದ.

"ಹಣೆ ಗಾಯ ಕಾಣ್ತಿಲ್ವಲ್ಲ."

"ಬಣ್ಣ ಒರೆಸ್ಕೊಂಡಿರ್ತಾನೆ. ನಾಟಕ ಅಂತ ನೀವೇ ಹೇಳ್ತಿದ್ರಲ್ಲ. ಒಳ್ಳೇ ಕಲೆಗಾರ. ಇಷ್ಟು ಹೊತ್ತು ಅಳಿಸಿ, ಈಗ ನಗ್ತಾ ಬಂದು ಮಂಗಳ ಹಾಡ್ತಿದಾನೆ."

ಸಿದ್ದಬಸಪ್ಪ ಡಬ್ಬಿಗೆ ಕೈ ಹಾಕಿದ. ಬೆರಳಿಗೆ ತಗಡಿನ ತಳ ತಾಗಿತು. ಕೆದಕಿದ. ಒಂದು ಚೂರೂ ಇರಲಿಲ್ಲ.

"ಮಂಗಳ ಅಲ್ಲ ಮೇಷ್ಟ್ರೇ," ಎಂದ. ದನಿ ತಾನಾಗಿ ಏರಿತು. "ಕ್ಯಾಸೆಟ್ಟು ಉಲ್ಟಾ ಹಾಕಿದಾರೆ. ಎರಡನೇದು ಮೊದಲು, ಮೊದಲನೇದು ಎರಡನೇದು. ಈ ಕುಸ್ತಿ ಆಗೋ ಹೊತ್ತಿಗೆ ಆ ಕುಸ್ತಿ ಇನ್ನೂ ಆಗೇ ಇಲ್ಲ ಕಣ್ರೀ. ಮುಕ್ಕಾಲು ಗಂಟೆಯಿಂದ ಏನು ಕಛೇರಿ, ಏನು ದೇವರನಾಮ."

ಮೇಷ್ಟ್ರು ಕನ್ನಡಕ ತೆಗೆದು, ಶಲ್ಯದಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಟಿ.ವಿ. ನೋಡಿದರು. ಸಿದ್ದಬಸಪ್ಪನಿಗೆ ಮುಗಿಯಿತು ಅನಿಸಿತು. ಇನ್ನು ಅವರು ಛತ್ರಿ ತಗೊಳ್ಳುತ್ತಾರೆ. ಕೈಗೆ ಏನಾದರೂ ಕೆಲಸ ಬೇಕಾಗಿ ಫೋನು ಎತ್ತಿ ಮಾಯಣ್ಣನ ಮನೆಗೆ ತಿರುಗಿಸಿದ. ಮಾರಕ್ಕ ಎತ್ತಿಕೊಂಡಳು.

"ಮಾರಕ್ಕ, ಕ್ಯಾಸೆಟ್ಟು ಯಾರು ಹಾಕಿದ್ದು?"

"ನಾನೇ ಕಣಣ್ಣ. ಅವನು ಕಂಬ ಹತ್ತವ್ನೆ. ಎರಡು ಡಬ್ಬಿ ಮಡಗಿದ್ದ, ಮೇಲಿದ್ದದ್ದು ಹಾಕ್ದೆ. ಎಲ್ಲಾರೂ ಫೋನ್ ಮಾಡಿ ಬೈದ್ರು. ನಿಮ್ದೊಂದೇ ಬಂದಿರ್ಲಿಲ್ಲ. ಊರಲ್ಲಿ ಇಲ್ವೇನೋ ಅಂದ್ಕಂಡ್ವಿ."

ದನಿ ಅಷ್ಟು ದೊಡ್ಡದಿತ್ತು, ಹಜಾರಕ್ಕೆಲ್ಲ ಕೇಳಿತು. ಸಿದ್ದಬಸಪ್ಪ ಫೋನು ಇಟ್ಟ.

ಮೇಷ್ಟ್ರು ಛತ್ರಿ ತಗೊಳ್ಳಲಿಲ್ಲ. ಗಲ್ಲ ಕೆರೆದುಕೊಂಡು ಅಂದರು, "ಉಲ್ಟಾ ಆದ್ರೇನಂತೆ? ಉಲ್ಟಾನೇ ಚೆನ್ನಾಗಿದೆ."

"ಏನಂದ್ರಿ?"

"ನಾನು ಹೇಳಿದ್ದು ಜೋಡಣೆ ಬಗ್ಗೆ. ಅದು ಅಮೆರಿಕದವರು ಮಾಡಿದ್ರೂ ಅಷ್ಟೇ, ಮಾರಕ್ಕ ಮಾಡಿದ್ರೂ ಅಷ್ಟೇ. ಹೋಲಿಸಿದ್ರೆ ಮಾರಕ್ಕಂದೇ ಮೇಲು."

"ಸಣ್ಣ ಜೋಡಿ ಮೊದಲು, ದೊಡ್ಡ ಜೋಡಿ ಕೊನೆಗೆ. ಹುಟ್ಟಿದಾಗಿಂದ ಅಖಾಡ ನಡೆದಿರೋದೇ ಹಾಗೆ. ಬಿಸಿಲಿಗೆ ಶುರು ಆಗಿ ದೀಪ ಹಚ್ಚೋ ಹೊತ್ತಿಗೆ ದೊಡ್ಡೋರು ಇಳೀಬೇಕು. ಕಾಯಿಸ್ಬೇಕು ಜನಾನ."

"ಕಾಯಿಸಿ ಕಾಯಿಸಿ ನಿದ್ದೆ ಬರಿಸ್ತೀರಾ. ಇವತ್ತಿನ ಮಂಡಿ ಕುಸ್ತಿನೂ ಅಷ್ಟೇ. ಮಧ್ಯೆ ಒಂದು ಸ್ವಲ್ಪ ಅಂದ್ನಲ್ಲ, ಅದು ಸ್ವಲ್ಪ ಅಲ್ಲ. ಹತ್ತು ನಿಮಿಷ ಎಳೆದ್ರು. ಮಂಡಿ ನೋವು ಅಂತ ನಮಗೆ ಮೂರನೇ ಸಲಕ್ಕೇ ಗೊತ್ತಾಗಿತ್ತು, ಏಳು ಸಲ ಯಾಕೆ ಕುಸೀಬೇಕು?"

"ಏಳನೇ ಸಲ ಕುಸೀಲಿಲ್ಲ ಅಂತ ತೋರ್ಸೋಕೆ ಕಣ್ರೀ. ಆರು ಸಲ ಬಿದ್ದೋನು ಏಳನೇ ಸಲ ನಿಂತ. ಎಣ್ಸೋಕೂ ಬರಲ್ವಾ ನಿಮಗೆ? ಲೆಕ್ಕದ ಮೇಷ್ಟ್ರಂತೆ. ನಿದ್ದೆ ಮಾಡಿ ಮೂವತ್ನಾಲ್ಕು ಕೊಡೋ ಮೇಷ್ಟ್ರು."

"ಎಂಟು ನಿಮಿಷ ಕಣ್ಣು ಮುಚ್ಚಿದ್ದೆ, ಅಷ್ಟೇ."

"ಮೂವತ್ನಾಲ್ಕು ಅಂತ ಬರೀವಾಗ ನಿಮಗೆ ಕೈ ನಡುಗಲ್ವಾ? ಒಂದು ಮಾರ್ಕು. ಒಂದು ಮಾರ್ಕಿಗೆ ಮನುಷ್ಯ ಎಲ್ಲಿಂದ ಎಲ್ಲಿಗೆ ಹೋಗ್ತಾನೆ ಗೊತ್ತೇನ್ರೀ? ನಾನು ಹೋಗಿದೀನಿ. ಎಸ್ಸೆಸ್ಸೆಲ್ಸಿ, ಲೆಕ್ಕ, ಮೂವತ್ನಾಲ್ಕು. ನಿಮ್ಮಂಥೋನೇ ಯಾವನೋ ಕೆಂಪು ಇಂಕಲ್ಲಿ ಬರೆದ."

ಹೇಳಿಬಿಟ್ಟ ಮೇಲೆಯೇ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಬಾಗಿಲಲ್ಲಿ ಗಿರಿಜಾಂಬಾ ಸೌಟು ಹಿಡಿದು ನಿಂತಿದ್ದಳು. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಅವಳಿಗೂ ಇದು ಹೊಸದು.

ಮೇಷ್ಟ್ರು ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿಕೊಂಡರು. ಆಮೇಲೆ ದನಿ ತಗ್ಗಿಸಿ ಅಂದರು, "ಇಪ್ಪತ್ತೆರಡು ವರ್ಷ ಪೇಪರ್ ತಿದ್ದಿದೀನಿ ಸಿದ್ದಬಸಪ್ನೋರೇ. ಒಂದು ಮಗೂಗೂ ಮೂವತ್ನಾಲ್ಕು ಹಾಕಿಲ್ಲ. ಅಲ್ಲಿಗೆ ಬಂದು ನಿಂತ್ರೆ ಇನ್ನೊಂದ್ಸಲ ಪೇಪರ್ ನೋಡ್ತೀನಿ. ಎಲ್ಲಾದ್ರೂ ಅರ್ಧ ದಾರಿ ಮಾಡಿದ ಲೆಕ್ಕ ಇದ್ದೇ ಇರತ್ತೆ. ಮೂವತ್ತೈದು ಮಾಡ್ತೀನಿ. ಈ ಪೈಲ್ವಾನ್‌ಗಳು ಓದಲ್ಲ, ಇವರಪ್ಪ ಬಂದು ಕೇಳಲ್ಲ ಅಂತ ಇವರಿಗೆ ಮಾತ್ರ ಹಾಕಿದ್ದು. ನಿಮ್ಮ ಪೇಪರ್ ನನ್ನ ಕೈಗೆ ಬಂದಿದ್ರೆ ನೀವು ಪಾಸು."

"ಎಲ್ಲಿ ಬರತ್ತೆ? ಆಗ ನೀವೇ ಇನ್ನೂ ಸ್ಕೂಲಲ್ಲಿ ಓದ್ತಿದ್ರಿ. ನನಗಿಂತ ಚಿಕ್ಕೋರು ನೀವು," ಎಂದ ಸಿದ್ದಬಸಪ್ಪ. ಆದರೆ ಕತ್ತಿನ ನರ ಇಳಿದಿತ್ತು. ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತ, ಬೆಳಗಿನಿಂದ ಮೊದಲ ಸಲ. "ಸರಿ ಬಿಡಿ. ಹಾಗಾದ್ರೆ ಆ ಗಂಟೆ ಕುಸ್ತಿಗೂ ಒಂದು ಮಾರ್ಕ್ ಹಾಕಿ."

"ಹಾಕಲ್ಲ."

"ಯಾಕ್ರೀ?"

"ಅದು ಮೂವತ್ನಾಲ್ಕರ ಕುಸ್ತಿನೇ. ನೀವು ಪಾಸು, ಅದು ಫೇಲು."

ಮತ್ತೆ ಶುರುವಾಯಿತು. ಗೋಡೆಯಾಚೆಯ ಮನೆಯವರು ಕಿಟಕಿ ತೆಗೆದು ನೋಡಿ, ಮೇಷ್ಟ್ರ ದನಿ ಗುರುತು ಹಿಡಿದು, ಕಿಟಕಿ ಮುಚ್ಚಿಕೊಂಡರು. ಗಿರಿಜಾಂಬಾ ಖಾಲಿ ಡಬ್ಬಿ ಎತ್ತಿಕೊಂಡು ಹೋಗಿ ಕಾಫಿಗೆ ಹಾಲಿಟ್ಟಳು. ಗದ್ದಲಕ್ಕೆ ಎಚ್ಚರಾದ ಮಲ್ಲಿಕಾರ್ಜುನಯ್ಯ ಕಣ್ಣುಜ್ಜಿಕೊಂಡು, "ಯಾರು ಗೆದ್ದರು?" ಎಂದು ಕೇಳಿದರು. ಇಬ್ಬರ ಮುಖ ನೋಡಿ ಅವರು ಮತ್ತೆ ಕಣ್ಣು ಮುಚ್ಚಿದರು.

ಕಾಫಿಯ ಹೊತ್ತಿಗೆ ಒಂದು ತೀರ್ಮಾನವಾಯಿತು. ಸಿದ್ದಬಸಪ್ಪ ಮತ್ತೆ ಫೋನು ತಿರುಗಿಸಿದ.

"ಮಾರಕ್ಕ, ಮಾಯಣ್ಣಂಗೆ ಹೇಳು. ಮುಂದಿನ ಭಾನುವಾರ ಹೋದ ವರ್ಷದ ದೊಡ್ಡ ಆಟ ಹಾಕ್ಬೇಕು. ಗಂಟೆ ಕುಸ್ತಿ ಇರೋದು. ಮೇಷ್ಟ್ರು ಪೂರ್ತಿ ಎಚ್ಚರವಾಗಿದ್ದು ನೋಡ್ತಾರೆ."

"ಎರಡು ಕ್ಯಾಸೆಟ್ಟಾ ಅಣ್ಣ?"

"ಎರಡು. ಮೊದಲನೇದು ಮೊದಲು."

"ಎರಡನೇದು ಮೊದಲು ಹಾಕೋಕೆ ಹೇಳಿ," ಎಂದರು ಮೇಷ್ಟ್ರು ಹಿಂದಿನಿಂದ.

ಸಿದ್ದಬಸಪ್ಪ ಫೋನಿನ ಬಾಯಿ ಮುಚ್ಚಿ ತಿರುಗಿ ನೋಡಿದ. ಮೇಷ್ಟ್ರು ಗೋಡೆಯ ಕ್ಯಾಲೆಂಡರಿನಿಂದ ಮುಗಿದ ತಿಂಗಳ ಹಾಳೆಯೊಂದನ್ನು ಹರಿದು, ಹಿಂಬದಿಯನ್ನು ತೊಡೆಯ ಮೇಲೆ ಹರಡಿಕೊಂಡಿದ್ದರು. ಪುಸ್ತಕವನ್ನು ಮನೆಯಲ್ಲಿ ಬಿಟ್ಟು ಬಂದಿದ್ದರೂ ಕೆಂಪು ಪೆನ್ನು ಜೇಬಿನಲ್ಲೇ ಇತ್ತು. ಮೇಲೆ ತಾರೀಕು ಹಾಕಿದರು. ಕಮ್ಮಾರ, ಜಡೆ ಎಂದು ಬರೆದು ಅಡಿಗೆರೆ ಎಳೆದರು. ಪಟ್ಟು, ಓಟ, ಮುಗಿತಾಯ, ಶಿಸ್ತು.

"ಓಟಕ್ಕೆ ಎಷ್ಟು?" ಎಂದು ಸಿದ್ದಬಸಪ್ಪ ಕತ್ತು ಉದ್ದ ಮಾಡಿದ.

ಮೇಷ್ಟ್ರು ಎಡಗೈಯನ್ನು ಹಾಳೆಗೆ ಅಡ್ಡ ಹಿಡಿದು ಬರೆಯತೊಡಗಿದರು.